ಭತ್ತದ ಕಟಾವಿಗೆ ಚೈನ್ ಮಷಿನ್ನೋ, ಟೈರ್ ಮಷಿನ್ನೋ: ಕೊಳ್ಳುವವರಿಗೆ ಒಂದು ಹೋಲಿಕೆ

ಕಟಾವು ಯಂತ್ರ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಕಂಪನಿ ಒಳ್ಳೇದು?’ ಅಂತ. ಅದು ಕಡೆಗೆ ಕೇಳಬೇಕಾದ ಪ್ರಶ್ನೆ. ಗದ್ದೆಯ ಕೆಸರು ನೋಡಿ ಚೈನೋ (ಚಕ್ರದ ಬದಲು ಅಗಲ ರಬ್ಬರ್ ಪಟ್ಟಿಯ ಮೇಲೆ ಓಡುವುದು) ಟೈರೋ ತೀರ್ಮಾನವಾಗಬೇಕು. ಹುಲ್ಲು ಯಾರಿಗೆ ಹೋಗುತ್ತದೆ ಎಂಬುದನ್ನು ನೋಡಿ, ತೆನೆ ಬಡಿದು ಕಾಳು ಬಿಡಿಸುವ ಡ್ರಮ್ ಯಾವುದೆಂದು ತೀರ್ಮಾನವಾಗಬೇಕು. ಇವೆರಡೂ ಮುಗಿದ ಮೇಲೆ, ಹತ್ತಿರದ ಮೆಕ್ಯಾನಿಕ್ ಎಷ್ಟು ಹೊತ್ತಿಗೆ ಬರುತ್ತಾನೆ ಎಂಬುದರ ಮೇಲೆ ಕಂಪನಿ. ಈ ಕ್ರಮ ತಲೆಕೆಳಗಾದರೆ ಸುಗ್ಗಿಯ ಹೊತ್ತಿಗೆ ಮಷಿನ್ ಗದ್ದೆಯಲ್ಲಿ ಹೂತು ನಿಲ್ಲುತ್ತದೆ, ಇಲ್ಲವೇ ಕೆಲಸವಿಲ್ಲದೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಕಂತು ಮಾತ್ರ ಎರಡೂ ಕಡೆ ಕಟ್ಟಲೇಬೇಕು.

ಕೆಸರಿನ ಲೆಕ್ಕ

ನಮ್ಮಲ್ಲಿ ಓಡುವ ಚೈನ್ ಮಷಿನ್‌ಗಳ ಪೈಕಿ ಕುಬೋಟಾ ಹಾರ್ವೆಸ್ಕಿಂಗ್ ಡಿಸಿ-68ಜಿ ಹಗುರದ್ದು. ತೂಕ ಸುಮಾರು 3 ಟನ್. ಅದರ ಭಾರ ಎರಡು ರಬ್ಬರ್ ಚೈನ್‌ಗಳ ಮೇಲೆ ಹರಡಿಕೊಳ್ಳುತ್ತದೆ. ಚೈನ್ ಅಗಲ ಸುಮಾರು 45 ಸೆಂ.ಮೀ., ನೆಲಕ್ಕೆ ತಾಗುವ ಉದ್ದ ಸುಮಾರು ಒಂದೂವರೆ ಮೀಟರ್ ಎಂದು ಹಿಡಿದರೆ ಪ್ರತಿ ಚದರ ಸೆಂ.ಮೀ.ಗೆ ಬೀಳುವ ಭಾರ ಕಾಲು ಕಿಲೋದ ಒಳಗೇ. 70 ಕಿಲೋ ತೂಕದ ಮನುಷ್ಯ ಒಂಟಿಕಾಲಲ್ಲಿ ನಿಂತರೆ ನೆಲದ ಮೇಲೆ ಬೀಳುವ ಒತ್ತಡ ಇದಕ್ಕಿಂತ ಹೆಚ್ಚು.

ಟೈರ್ ಮಷಿನ್‌ನ ಕಥೆ ಬೇರೆ. 14 ಅಡಿ ಕಟರ್ ಇರುವ ಪಂಜಾಬಿನ ಮಷಿನ್ 8–9 ಟನ್ ತೂಗುತ್ತದೆ. ಆ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಮುಂದಿನ ಎರಡು ಟೈರ್‌ಗಳ ಮೇಲೇ. ಲೆಕ್ಕ ಹಾಕಿದರೆ ಚದರ ಸೆಂ.ಮೀ.ಗೆ ಒಂದು ಕಿಲೋದ ಮೇಲೆ ಬರುತ್ತದೆ, ಅಂದರೆ ಚೈನ್ ಮಷಿನ್‌ನ ಐದಾರು ಪಟ್ಟು. ಧಾನ್ಯದ ಟ್ಯಾಂಕ್ ತುಂಬಿದಾಗ ಇನ್ನೂ ಜಾಸ್ತಿ.

ಗದ್ದೆಗೆ ಇಳಿದು ಪರೀಕ್ಷಿಸುವುದು ಸುಲಭ. ಬರಿಗಾಲಲ್ಲಿ ನಡೆದಾಗ ಹೆಜ್ಜೆಯ ಅಚ್ಚು ಮಾತ್ರ ಮೂಡಿದರೆ ಟೈರ್ ಮಷಿನ್ ಇಳಿಸಬಹುದು. ಹಿಮ್ಮಡಿ ಪೂರ್ತಿ ಮುಳುಗಿದರೆ ಚೈನ್ ಮಷಿನ್ನೇ ಬೇಕು. ಕಾಲು ಮೀನಖಂಡದವರೆಗೆ ಹೋದರೆ ಚೈನ್ ಮಷಿನ್ ಕೂಡ ತಿರುವಿನಲ್ಲಿ ಹೂಳುತ್ತದೆ. ಇನ್ನೊಂದು ವಾರ ನೀರು ಬಸಿಯಲು ಬಿಡುವುದೇ ದಾರಿ.

ಕರಾವಳಿಯ ತಗ್ಗಿನ ಬೈಲು ಗದ್ದೆಗಳಲ್ಲಿ ಟೈರ್ ಮಷಿನ್ ಮಾತೇ ಬೇಡ. ಅಕ್ಟೋಬರ್ ಮಳೆ ನಿಲ್ಲುವ ಮೊದಲೇ ಅಲ್ಲಿ ಕೊಯ್ಲು ಶುರುವಾಗುತ್ತದೆ, ಗದ್ದೆಯೂ ಸಣ್ಣದು. ಅದಕ್ಕಿಂತ ಎತ್ತರದ ಮಜಲು, ಬೆಟ್ಟು ಗದ್ದೆ ಒಣಗಿದ್ದರೂ 14 ಅಡಿ ಹೆಡರ್ (ಕಟರ್ ಇರುವ ಮುಂಭಾಗ) ತಿರುಗಲು ಜಾಗವಿರುವುದಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ಎರೆಮಣ್ಣು ನಂಬಿಸಿ ಮೋಸ ಮಾಡುವ ಜಾತಿಯದು. ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಹಸಿ ಇರುತ್ತದೆ, ಕಾಲುವೆ ಪಕ್ಕದ ಗದ್ದೆಗೆ ಜಿನುಗು ನೀರು ಬೇರೆ. ಅಲ್ಲಿ ಚೈನ್ ಮಷಿನ್‌ಗೆ ಬೇಡಿಕೆ ಹೆಚ್ಚಿರುವುದು ಇದೇ ಕಾರಣಕ್ಕೆ. ಕೊಯ್ಲಿಗೆ 10–12 ದಿನ ಮೊದಲೇ ನೀರು ಬಸಿದ, ದೊಡ್ಡ ತಾಕುಗಳಿರುವ ಕಡೆ ಟೈರ್ ಮಷಿನ್ನೂ ಚೆನ್ನಾಗಿಯೇ ಓಡುತ್ತದೆ.

ಇನ್ನೊಂದು ಹಾನಿ ಕೊಯ್ಲಿನ ದಿನ ಕಣ್ಣಿಗೆ ಬೀಳುವುದಿಲ್ಲ. ಟೈರ್ ಕೊರೆದ ಒಂದಡಿ ಆಳದ ಜಾಡು ಗದ್ದೆಯ ಅಡಿಗಟ್ಟನ್ನು, ಅಂದರೆ ನೀರು ಇಂಗದಂತೆ ತಡೆಯುವ ಗಟ್ಟಿ ಪದರವನ್ನು, ಒಡೆಯುತ್ತದೆ. ಮುಂದಿನ ಬೆಳೆಗೆ ಕೆಸರು ಮಾಡುವಾಗ ಅದೇ ಜಾಗದಲ್ಲಿ ಟಿಲ್ಲರ್ ಹೂಳುತ್ತದೆ, ನೀರೂ ಅಲ್ಲೇ ಇಂಗಿಹೋಗುತ್ತದೆ. ಬಾಡಿಗೆಗೆ ಕರೆಯುವ ರೈತರು ಇದನ್ನು ಒಂದು ಸಲ ಅನುಭವಿಸಿದರೆ ಎರಡನೇ ಸಲ ಟೈರ್ ಮಷಿನ್ ಕರೆಯುವುದಿಲ್ಲ. ಬಾಡಿಗೆ ನಂಬಿ ಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಗಂಟೆಗೆ ಎಷ್ಟು ಎಕರೆ

ಕಂಪನಿಯ ಕರಪತ್ರದಲ್ಲಿರುವ ಎಕರೆ ಲೆಕ್ಕ ನಂಬಬೇಡಿ, ನೀವೇ ಹಾಕಿ. ಕಟರ್‌ನ ಅಗಲವನ್ನು ವೇಗದಿಂದ ಗುಣಿಸಿ, ತಿರುವು ಮತ್ತು ಟ್ಯಾಂಕ್ ಖಾಲಿ ಮಾಡುವ ಹೊತ್ತು ಕಳೆಯಿರಿ. ಚೈನ್ ಮಷಿನ್ 2 ಮೀಟರ್ ಕೊಯ್ಯುತ್ತಾ ಗಂಟೆಗೆ 4 ಕಿ.ಮೀ. ನಡೆದರೆ 0.8 ಹೆಕ್ಟೇರ್. ಅದರಲ್ಲಿ ನಿಜವಾಗಿ ಕೊಯ್ಯುವ ಹೊತ್ತು ಶೇ 65 ಎಂದರೆ ಗಂಟೆಗೆ ಸುಮಾರು 1.3 ಎಕರೆ. ಟೈರ್ ಮಷಿನ್ 4.2 ಮೀಟರ್ ಅಗಲ, 3.5 ಕಿ.ಮೀ. ವೇಗ, ಶೇ 60 ಹೊತ್ತು ಎಂದರೆ 2.2 ಎಕರೆ ಆಸುಪಾಸು. ಆದರೆ ಹತ್ತು ಗುಂಟೆಯ ತುಂಡುಗಳಲ್ಲಿ ಈ ಶೇಕಡಾ 40ಕ್ಕೆ ಇಳಿಯುತ್ತದೆ, ಅಗಲ ಕಟರ್‌ನ ಲಾಭ ಬದುಗಳಲ್ಲೇ ಕರಗುತ್ತದೆ.

ರಸ್ತೆಯಲ್ಲಿ ಲೆಕ್ಕ ಉಲ್ಟಾ. ಟೈರ್ ಮಷಿನ್ ಹೆಡರ್ ಬಿಚ್ಚಿ ಟ್ರಾಲಿಗೆ ಕಟ್ಟಿಕೊಂಡು ತಾನೇ ಊರಿಂದೂರಿಗೆ ಓಡುತ್ತದೆ. ಚೈನ್ ಮಷಿನ್ನನ್ನು ಡಾಂಬರಿನ ಮೇಲೆ ನಾಲ್ಕು ಕಿ.ಮೀ. ಓಡಿಸಿದರೂ ರಬ್ಬರ್ ಸವೆಯುವುದು ಕಣ್ಣಿಗೇ ಕಾಣುತ್ತದೆ, ಲಾರಿ ಬೇಕೇ ಬೇಕು. ದಿನಕ್ಕೆರಡು ಊರು ಬದಲಿಸುವ ಬಾಡಿಗೆಯಾದರೆ ಲಾರಿಯ ಖರ್ಚು, ಹತ್ತಿಸಿ ಇಳಿಸುವ ಹೊತ್ತು ಎರಡನ್ನೂ ಸೇರಿಸಿಕೊಳ್ಳಿ.

ಡ್ರಮ್: ಹುಲ್ಲಿನ ಪ್ರಶ್ನೆ, ನುಚ್ಚಿನ ಪ್ರಶ್ನೆ

ಮೂರು ವಿನ್ಯಾಸಗಳು ನಮ್ಮಲ್ಲಿ ಸಿಗುತ್ತವೆ.

ಕುಬೋಟಾದಲ್ಲಿ ಮುಳ್ಳು ಹಲ್ಲಿನ ಒಂದೇ ಉದ್ದನೆಯ ಡ್ರಮ್. ಪೈರು ಅದರ ಸುತ್ತ ಸುರುಳಿಯಾಗಿ ಸುತ್ತುತ್ತಾ ಇನ್ನೊಂದು ತುದಿಗೆ ಹೋಗುತ್ತದೆ. ಬಡಿತ ಮೆಲ್ಲಗೆ, ಆದರೆ ಹೆಚ್ಚು ಹೊತ್ತು. ಹಸಿ ಪೈರಲ್ಲೂ ತೆನೆಯಲ್ಲಿ ಕಾಳು ಉಳಿಯುವುದು ಕಡಿಮೆ. ಭಾಗಗಳು ಕಮ್ಮಿ ಇರುವುದರಿಂದ ಬಿಚ್ಚಿ ಜೋಡಿಸುವುದೂ ಸುಲಭ.

ಕ್ಲಾಸ್ ಕ್ರಾಪ್ ಟೈಗರ್ 30 ಟೆರಾ ಟ್ರ್ಯಾಕ್‌ನಲ್ಲಿ ಮೊದಲು ಒಂದು ಅಡ್ಡ ಡ್ರಮ್ ಬಡಿಯುತ್ತದೆ, ಆಮೇಲೆ ಸುರುಳಿ ಹರಿವಿನ ರೋಟರ್ ಉಳಿದ ಕಾಳು ಬಿಡಿಸುತ್ತದೆ. ಕಟರ್ 2.1 ಮೀಟರ್. ಕುಬೋಟಾಗಿಂತ ಭಾರ, ಆದರೆ ದಟ್ಟ ಪೈರನ್ನು ನುಂಗುವ ಶಕ್ತಿ ಹೆಚ್ಚು. ಎಕರೆಗೆ 35–40 ಚೀಲ ಬರುವ ಗದ್ದೆಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ, 20 ಚೀಲದ ಗದ್ದೆಯಲ್ಲಿ ಕಾಣುವುದಿಲ್ಲ.

ಮೂರನೆಯದು ಪಂಜಾಬಿನ ಟೈರ್ ಮಷಿನ್‌ಗಳದ್ದು. ಭಾದ್‌ಸನ್‌ನ ಕರ್ತಾರ್ 4000, ನಾಭಾದ ಪ್ರೀತ್ 987, ದಶಮೇಶ್ 9100 ಎಲ್ಲ ಈ ಸಾಲಿನವೇ. ಅಡ್ಡ ಡ್ರಮ್ ಬಡಿದ ಮೇಲೆ ಹುಲ್ಲು ವಾಕರ್‌ಗಳ (ಹಿಂದೆ ಮುಂದೆ ಅಲುಗುವ ಉದ್ದನೆಯ ತಟ್ಟೆಗಳ) ಮೇಲೆ ಕುಣಿಯುತ್ತಾ ಹಿಂದಕ್ಕೆ ಹೋಗುತ್ತದೆ, ಕುಣಿತದಲ್ಲಿ ಉಳಿದ ಕಾಳು ಜರಡಿಗೆ ಉದುರುತ್ತದೆ. ಇವು ಹುಟ್ಟಿದ್ದು ಗೋಧಿಗಾಗಿ. ಭತ್ತಕ್ಕೆ ಮುಳ್ಳು ಹಲ್ಲಿನ ಡ್ರಮ್ ಹಾಕಿಸಿಕೊಳ್ಳಲೇಬೇಕು. ಗೋಧಿಯ ಪಟ್ಟಿ ಡ್ರಮ್ಮಿನಲ್ಲೇ ಭತ್ತ ಹೊಡೆದರೆ ತೆನೆಯಲ್ಲಿ ಕಾಳು ಉಳಿಯುತ್ತದೆ, ಉಳಿಯದಿರಲೆಂದು ವೇಗ ಏರಿಸಿದರೆ ಮಿಲ್ಲಿನಲ್ಲಿ ನುಚ್ಚು ಜಾಸ್ತಿ. ಇನ್ನು, ಹಸಿ ಹುಲ್ಲು ವಾಕರ್ ಮೇಲೆ ಕಂಬಳಿಯ ಹಾಗೆ ಅಂಟಿಕೊಳ್ಳುತ್ತದೆ, ಕಾಳು ಅದರೊಳಗೇ ಸಿಕ್ಕಿ ಹಿಂದಕ್ಕೆ ಹೋಗಿಬಿಡುತ್ತದೆ. ಬೆಳಿಗ್ಗೆ ಇಬ್ಬನಿ ಆರುವ ಮುಂಚೆ ಟೈರ್ ಮಷಿನ್ ಓಡಿಸಬಾರದು ಎನ್ನುವುದು ಇದಕ್ಕೇ.

ಹುಲ್ಲಿನ ವಿಷಯದಲ್ಲಿ ವಾಕರ್ ಮಷಿನ್ ಒಂದು ಕೈ ಮೇಲು: ಹುಲ್ಲು ಉದ್ದವಾಗಿ ಉಳಿಯುತ್ತದೆ. ಸುರುಳಿ ಹರಿವಿನ ಡ್ರಮ್ ಹುಲ್ಲನ್ನು ಜಜ್ಜಿ ತುಂಡು ಮಾಡುತ್ತದೆ. ಬೇಲರ್‌ನಿಂದ ಉಂಡೆ ಕಟ್ಟಿಸುವುದಾದರೆ ತೊಂದರೆ ಇಲ್ಲ, ಕೈಯಲ್ಲಿ ಕಟ್ಟಿ ಬಣವೆ ಒಟ್ಟುವ ಮಂಡ್ಯದ ಕಡೆಯ ರೈತರು ಮಾತ್ರ ಗೊಣಗುತ್ತಾರೆ. ಎರಡರಲ್ಲೂ ಕೂಳೆ ಅರ್ಧ ಅಡಿಗಿಂತ ಮೇಲೆ ಬಿಟ್ಟರೆ ಮೇವು ಅಷ್ಟಕ್ಕಷ್ಟು ಕಡಿಮೆ. ಹುಲ್ಲು ಪೂರ್ತಿ ಇಡಿಯಾಗಿ ಉಳಿಸುವ ನಾಲ್ಕನೇ ಜಾತಿಯೂ ಇದೆ. ತೆನೆಯನ್ನಷ್ಟೇ ಡ್ರಮ್ಮಿಗೆ ಕೊಡುವ ಈ ಮಷಿನ್‌ಗಳು ಜಪಾನಿನ ಗದ್ದೆಗಳಲ್ಲಿ ಸಾಮಾನ್ಯ. ದುಬಾರಿ, ಭತ್ತದಂಥ ಬೆಳೆಗಷ್ಟೇ ಸೈ. ಬಾಡಿಗೆಯ ಲೆಕ್ಕದಲ್ಲಿ ನಮಗೆ ಒಗ್ಗುವುದಿಲ್ಲ.

ಯಾವ ಡ್ರಮ್ಮೇ ಇರಲಿ, ವೇಗವನ್ನು ಆರ್‌ಪಿಎಂನಲ್ಲಿ ಹೋಲಿಸಬೇಡಿ, ಹಲ್ಲಿನ ತುದಿಯ ವೇಗದಲ್ಲಿ ಹೋಲಿಸಿ. ಡ್ರಮ್ಮಿನ ವ್ಯಾಸ ಮೀಟರ್‌ನಲ್ಲಿ × 3.14 × ಆರ್‌ಪಿಎಂ ÷ 60. ವ್ಯಾಸ 0.62 ಮೀಟರ್, 560 ಸುತ್ತು ಎಂದರೆ ಸೆಕೆಂಡಿಗೆ ಸುಮಾರು 18 ಮೀಟರ್. ಮುಳ್ಳು ಹಲ್ಲಿನ ಡ್ರಮ್ಮಿಗೆ ಭತ್ತದಲ್ಲಿ ಇದು ಸರಿಯಾದ ಆಸುಪಾಸು. ಬೀಜಕ್ಕೆ ಇಟ್ಟ ಗದ್ದೆಯಾದರೆ ಇನ್ನೂ ಇಳಿಸಿ. ಕೊಯ್ಲಿಗೆ ಕಾಳಿನ ತೇವಾಂಶ ಶೇ 20–24 ಇರುವಾಗ ಒಳ್ಳೆಯದು. ಅದಕ್ಕಿಂತ ಒಣಗಲು ಬಿಟ್ಟರೆ ಕಟರ್ ತಾಗಿದ ಕೂಡಲೇ ಉದುರುತ್ತದೆ, ಬಿರುಕು ಬಿಟ್ಟ ಕಾಳು ಮಿಲ್ಲಿನಲ್ಲಿ ಮುರಿಯುತ್ತದೆ. ಸರ್ಕಾರಿ ಖರೀದಿ ಕೇಂದ್ರಕ್ಕೆ ಶೇ 17ರ ಒಳಗಿರಬೇಕು ಎಂಬ ಕಾರಣಕ್ಕೆ ಗದ್ದೆಯಲ್ಲೇ ಒಣಗಿಸುವವರಿದ್ದಾರೆ. ಕಣದಲ್ಲಿ ಒಣಗಿಸುವುದು ಅದಕ್ಕಿಂತ ಅಗ್ಗ.

ಮಲಗಿದ ಪೈರು

ಸೋನಾ ಮಸೂರಿಯಂಥ ಸಣ್ಣ ಭತ್ತ ನವೆಂಬರ್ ಗಾಳಿಮಳೆಗೆ ಮಲಗಿತೆಂದರೆ ನಿಜವಾದ ಪರೀಕ್ಷೆ ಶುರು. ಇಲ್ಲಿ ನೋಡಬೇಕಾದದ್ದು ಎಂಜಿನ್ ಅಲ್ಲ, ರೀಲ್, ಅಂದರೆ ಪೈರನ್ನು ಕಟರ್ ಕಡೆಗೆ ಎಳೆದುಕೊಡುವ ಮುಂದಿನ ತಿರುಗುವ ಚೌಕಟ್ಟು. ರೀಲ್‌ನ ಬೆರಳುಗಳ ಕೋನ ಬದಲಿಸಲು ಆಗಬೇಕು, ರೀಲನ್ನು ಮುಂದಕ್ಕೆ ಚಾಚಿ ಕೆಳಗಿಳಿಸಲು ಆಗಬೇಕು, ಅದೂ ಸೀಟಿನಲ್ಲಿ ಕೂತೇ. ಚೈನ್ ಮಷಿನ್‌ಗಳು ಇದರಲ್ಲಿ ಮುಂದೆ. ನಿಂತ ಪೈರಿಗೆ ರೀಲ್ ತುದಿಯ ವೇಗ ಮಷಿನ್ ವೇಗಕ್ಕಿಂತ ಕಾಲು ಪಟ್ಟು ಹೆಚ್ಚಿದ್ದರೆ ಸಾಕು. ಮಲಗಿದ ಪೈರಿಗೆ ಬೆರಳನ್ನು ಹಿಂದಕ್ಕೆ ವಾಲಿಸಿ, ಮಷಿನ್ ವೇಗ ಅರ್ಧಕ್ಕಿಳಿಸಿ, ಪೈರು ಬಿದ್ದ ದಿಕ್ಕಿಗೆ ಎದುರಾಗಿ ಅಥವಾ ಅಡ್ಡಲಾಗಿ ಹೋಗಬೇಕು. ಬಿದ್ದ ದಿಕ್ಕಿಗೇ ಹೋದರೆ ಕಟರ್ ತೆನೆಯ ಮೇಲೇ ಜಾರುತ್ತದೆ. ಎದುರು ದಿಕ್ಕಿನಿಂದಲೇ ಕೊಯ್ಯುವಾಗ ಒಂದೊಂದು ಗೆರೆಗೂ ಖಾಲಿ ವಾಪಸ್ಸಾಗಬೇಕು, ಗಂಟೆ ಬಾಡಿಗೆಯವರಿಗೆ ಜಗಳವಾಗುವುದು ಇಲ್ಲೇ. ಮಲಗಿದ ಗದ್ದೆಗೆ ಬೇರೆ ದರ ಎಂದು ಇಳಿಯುವ ಮೊದಲೇ ಮಾತಾಡಿಕೊಳ್ಳಿ.

ನಷ್ಟ ಎಣಿಸುವ ಬಗೆ

ಎರಡು ಮಷಿನ್ ಹೋಲಿಸಲು ಇದಕ್ಕಿಂತ ಪ್ರಾಮಾಣಿಕ ಅಳತೆ ಇಲ್ಲ. ನಾಲ್ಕು ಕೋಲು ಕಟ್ಟಿ ಒಂದು ಮೀಟರ್ ಚೌಕ ಮಾಡಿ. ಕೊಯ್ಯುವ ಮೊದಲು ತಾನಾಗಿ ಉದುರಿದ ಕಾಳು ಎಣಿಸಿ ಬರೆದಿಡಿ. ಮಷಿನ್ ಹೋದ ಮೇಲೆ ಹುಲ್ಲು ಬೀಳದ ಜಾಗದಲ್ಲಿ ಎಣಿಸಿ, ಮೊದಲು ಬರೆದಿಟ್ಟದ್ದನ್ನು ಕಳೆದರೆ ಹೆಡರ್‌ನ ನಷ್ಟ ಸಿಗುತ್ತದೆ. ಹುಲ್ಲಿನ ಸಾಲಿನ ಕೆಳಗೆ ಎಣಿಸಿದರೆ ಡ್ರಮ್, ಜರಡಿಯ ನಷ್ಟವೂ ಸೇರುತ್ತದೆ. ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ: 2 ಮೀಟರ್ ಅಗಲದ ಪೈರಿನ ಹುಲ್ಲು 1 ಮೀಟರ್ ಸಾಲಲ್ಲಿ ಬಿದ್ದಿದ್ದರೆ, ಹುಲ್ಲು ಬೀಳದ ಜಾಗದ ಎಣಿಕೆ ಕಳೆದು ಉಳಿದದ್ದನ್ನು ಎರಡರಿಂದ ಭಾಗಿಸಬೇಕು. 14 ಅಡಿಯ ಮಷಿನ್ ಆದರೆ ಮೂರು, ನಾಲ್ಕರಿಂದ. ಭಾಗಿಸದೆ ಟೈರ್ ಮಷಿನ್ ಚೆಲ್ಲುತ್ತದೆ ಎಂದು ತೀರ್ಪು ಕೊಡುವವರೇ ಜಾಸ್ತಿ.

ಸಾವಿರ ಕಾಳು 15 ಗ್ರಾಂ ತೂಗುವ ಸಣ್ಣ ಭತ್ತವಾದರೆ ಚದರ ಮೀಟರಿಗೆ 100 ಕಾಳು ಬಿದ್ದರೆ ಎಕರೆಗೆ 6 ಕಿಲೋ ಹೋದ ಹಾಗೆ. ಸಾವಿರ ಕಾಳು 25 ಗ್ರಾಂ ತೂಗುವ ದಪ್ಪ ಭತ್ತವಾದರೆ 10 ಕಿಲೋ. ಹುಲ್ಲಿನಡಿ ಬಿದ್ದದ್ದು ಗಟ್ಟಿ ಕಾಳೋ ಜೊಳ್ಳೋ ಹಿಸುಕಿ ನೋಡಿ. ಜೊಳ್ಳಾದರೆ ಫ್ಯಾನ್ ಸರಿಯಾಗೇ ಕೆಲಸ ಮಾಡುತ್ತಿದೆ. ಗಟ್ಟಿ ಕಾಳಾದರೆ ಗಾಳಿ ಜಾಸ್ತಿ ಅಥವಾ ವೇಗ ಜಾಸ್ತಿ. ತೆನೆಯಲ್ಲೇ ಕಾಳು ಉಳಿದಿದ್ದರೆ ಡ್ರಮ್ ವೇಗ ಕಡಿಮೆ, ಇಲ್ಲವೇ ಹಲ್ಲು ಸವೆದಿವೆ.

ಬರೀ ಭತ್ತವಲ್ಲದಿದ್ದರೆ

ದಾವಣಗೆರೆ, ಹಾವೇರಿಯ ಮೆಕ್ಕೆಜೋಳ, ಬೀದರಿನ ಸೋಯಾ, ಕಲಬುರಗಿ ಕಡೆಯ ಕಡಲೆ, ಇವೂ ಲೆಕ್ಕದಲ್ಲಿದ್ದರೆ ತಕ್ಕಡಿ ಟೈರ್ ಕಡೆಗೆ ವಾಲುತ್ತದೆ. ಒಣಭೂಮಿಯಲ್ಲಿ ರಬ್ಬರ್ ಚೈನ್ ಕಲ್ಲಿಗೆ ಸಿಕ್ಕಿ ಹರಿಯುತ್ತದೆ. ಮೆಕ್ಕೆಜೋಳಕ್ಕೆ ಬೇರೆ ಹೆಡರ್, ಅಗಲ ಜಾಲರಿ, ಕಡಿಮೆ ಡ್ರಮ್ ವೇಗ ಬೇಕು. ಈ ಸಾಮಾನು ಬೆಲೆಯಲ್ಲಿ ಸೇರಿದೆಯೋ ಇಲ್ಲವೋ ಬರಹದಲ್ಲಿ ಪಡೆಯಿರಿ. ಕಡಲೆಗೆ ಮಷಿನ್ ಮಾತ್ರ ಸಾಲದು, ತಳಿಯೂ ಎತ್ತರವಿರಬೇಕು. ಎನ್‌ಬಿಇಜಿ-47ರಂಥ ನೆಟ್ಟಗೆ ಬೆಳೆಯುವ ತಳಿಯಾದರೆ ಕಟರ್ ಕೆಳಗಿನ ಕಾಯಿಗೂ ಮಣ್ಣಿಗೂ ನಡುವೆ ಹೋಗುತ್ತದೆ. ಗಿಡ್ಡ ತಳಿಯಲ್ಲಿ ಟ್ಯಾಂಕಿಗೆ ಮಣ್ಣುಹೆಂಟೆ ಬರುತ್ತದೆ.

ಟ್ರ್ಯಾಕ್ಟರ್‌ಗೆ ಕೂರಿಸುವ ಕಟಾವು ಯಂತ್ರಗಳೂ ಇವೆ: ದಶಮೇಶ್ 912, ಅರ್ಜುನ್ ನೋವೊಗೆ ಕೂರುವ ಮಹೀಂದ್ರ ಹಾರ್ವೆಸ್ಟ್‌ಮಾಸ್ಟರ್. ಬಂಡವಾಳ ಕಮ್ಮಿ. ಆದರೆ ಕೂರಿಸಲು, ಇಳಿಸಲು ದಿನಗಟ್ಟಲೆ ಹಿಡಿಯುತ್ತದೆ. ಸುಗ್ಗಿಯಲ್ಲಿ ಟ್ರ್ಯಾಕ್ಟರ್ ಬೇರೆ ಕೆಲಸಕ್ಕೆ ಸಿಗುವುದಿಲ್ಲ, ಕ್ಲಚ್ ಬೇಗ ಸವೆಯುತ್ತದೆ. ಸ್ವಂತ ಜಮೀನು ದೊಡ್ಡದಿದ್ದು ಬಾಡಿಗೆ ಗೊಡವೆ ಬೇಡ ಎನ್ನುವವರಿಗೆ ಮಾತ್ರ ಸರಿ.

ದುಡ್ಡಿನ ಲೆಕ್ಕ

ಲೆಕ್ಕ ತೋರಿಸಲು ಮಾತ್ರ ಈ ಅಂಕಿ, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಮಷಿನ್ 28 ಲಕ್ಷ, 8 ವರ್ಷದ ಮೇಲೆ 8 ಲಕ್ಷಕ್ಕೆ ಹೋಗುತ್ತದೆ ಎಂದರೆ ಸವಕಳಿ ವರ್ಷಕ್ಕೆ 2.5 ಲಕ್ಷ. ಸರಾಸರಿ 18 ಲಕ್ಷದ ಮೇಲೆ ಶೇ 10 ಬಡ್ಡಿ 1.8 ಲಕ್ಷ. ವಿಮೆ, ಶೆಡ್ಡು 50 ಸಾವಿರ. ಒಟ್ಟು 4.8 ಲಕ್ಷ, ಮಷಿನ್ ಓಡಲಿ ಬಿಡಲಿ. ಗಂಟೆಗೆ ಡೀಸೆಲ್ 9 ಲೀಟರ್, 90 ರೂಪಾಯಿಯಂತೆ 810. ಆಪರೇಟರ್, ಸಹಾಯಕ 300. ರಿಪೇರಿ 350. ಸೇರಿ 1,460. ಬಾಡಿಗೆ 2,400 ಸಿಕ್ಕರೆ ಗಂಟೆಗೆ ಉಳಿಯುವುದು 940. ಅಸಲು ಹುಟ್ಟಲು ಸುಮಾರು 510 ಗಂಟೆ, ಅಂದರೆ ದಿನಕ್ಕೆ 8 ಗಂಟೆಯಂತೆ 64 ದಿನ.

ಒಂದು ತಾಲ್ಲೂಕಿನ ಸುಗ್ಗಿ ಹೆಚ್ಚೆಂದರೆ ತಿಂಗಳು. ಹಾಗಾಗಿ ಒಂದೇ ಊರು ನಂಬಿದರೆ ಎರಡು ಬೆಳೆಯ ನೀರಿರಬೇಕು, ಇಲ್ಲವೇ ಮಷಿನ್ ಊರೂರು ಸುತ್ತಬೇಕು. ಅಕ್ಟೋಬರಿನಲ್ಲಿ ಕರಾವಳಿ, ನವೆಂಬರ್‌–ಡಿಸೆಂಬರಿನಲ್ಲಿ ತುಂಗಭದ್ರಾ ಅಚ್ಚುಕಟ್ಟು, ಡಿಸೆಂಬರ್ ಕಡೆಯಿಂದ ಮಂಡ್ಯ, ಬೇಸಿಗೆ ಬೆಳೆಗೆ ಏಪ್ರಿಲ್‌–ಮೇನಲ್ಲಿ ಮತ್ತೆ ಸಿಂಧನೂರು, ದಾವಣಗೆರೆ. ಈ ಸುತ್ತು ಹೊಡೆಯಲು ಆಗುವುದು ಎಲ್ಲ ಗದ್ದೆಗೂ ಇಳಿಯುವ ಚೈನ್ ಮಷಿನ್‌ಗೆ. ತುಂಗಭದ್ರಾ ಭಾಗದಲ್ಲಿ ಜಿಲ್ಲಾಡಳಿತ ಗಂಟೆಯ ದರ ನಿಗದಿ ಮಾಡುವುದುಂಟು. ಲೆಕ್ಕ ಹಾಕುವಾಗ ಸುಗ್ಗಿಯ ಏರುದರವನ್ನಲ್ಲ, ಆ ದರವನ್ನೇ ಹಿಡಿಯಿರಿ.

ಕಂಪನಿ

ಈಗ ಕಂಪನಿ. ಡೀಲರ್ ಬಳಿ ಹೋಗಿ ಬೆಲೆ ಕೇಳುವ ಮೊದಲು ಸಾಮಾನಿನ ರೂಮು ತೋರಿಸಿ ಎನ್ನಿ. ಕಟರ್ ಬ್ಲೇಡು, ಬೆರಳು, ಡ್ರಮ್ ಹಲ್ಲು, ಮುಖ್ಯ ಬೆಲ್ಟು, ಚೈನ್ ರೋಲರ್, ಅದರ ಆಯಿಲ್ ಸೀಲು, ಇವು ಕಪಾಟಿನಲ್ಲಿ ಇರಬೇಕು. ‘ನಾಳೆ ತರಿಸುತ್ತೇವೆ’ ಅಲ್ಲ. ಸುಗ್ಗಿಯಲ್ಲಿ ಒಂದು ದಿನ ನಿಂತರೆ ಎಂಟು ಗಂಟೆಯ ಬಾಡಿಗೆ ಹೋಯಿತು, ಜೊತೆಗೆ ಗಿರಾಕಿಯೂ ಹೋದ. ಕ್ಲಾಸ್ ಕೊಳ್ಳುವವರು ಒಂದು ವಿಷಯ ಗಮನಿಸಿ: ಕ್ಲಾಸ್‌ನ ಭಾರತದ ಉದ್ಯಮವನ್ನು ಜಪಾನಿನ ಯನ್ಮಾರ್ ಕಂಪನಿ ಕೊಳ್ಳುವ ಒಪ್ಪಂದ 2024ರಲ್ಲಿ ಪ್ರಕಟವಾಯಿತು. ಬಿಡಿಭಾಗ, ವಾರಂಟಿ ಯಾರ ಹೆಸರಲ್ಲಿ ಸಿಗುತ್ತದೆ ಎಂದು ಡೀಲರ್‌ನಿಂದ ಬರೆಸಿಕೊಳ್ಳಿ.

ಮಧ್ಯಪ್ರದೇಶದ ಬುದ್ನಿ, ಹರಿಯಾಣದ ಹಿಸಾರ್, ಬಳ್ಳಾರಿಗೆ ಹತ್ತಿರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆ, ಇಲ್ಲೆಲ್ಲ ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಗಳಿವೆ. ಪರೀಕ್ಷೆಗೆ ಹೋದ ಮಾದರಿಯ ವರದಿಯಲ್ಲಿ ಡೀಸೆಲ್ ಖರ್ಚು, ಕಾಳಿನ ನಷ್ಟ, ಮುರಿದ ಕಾಳಿನ ಶೇಕಡಾ, ಪರೀಕ್ಷೆಯ ವೇಳೆ ಕೆಟ್ಟ ಭಾಗಗಳ ಪಟ್ಟಿ ಎಲ್ಲ ಇರುತ್ತದೆ. ಡೀಲರ್‌ನನ್ನು ಕೇಳಿ ಪಡೆಯಿರಿ. ಸಹಾಯಧನದಲ್ಲಿ ಕೊಳ್ಳುವವರು ಆ ಮಾದರಿ ಇಲಾಖೆಯ ಪಟ್ಟಿಯಲ್ಲಿದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ.

ಹಳೆಯ ಮಷಿನ್ ಕೊಳ್ಳುವಾಗ

ಗಂಟೆಯ ಮೀಟರ್ ನಂಬಬೇಡಿ, ತಿರುಗಿಸಿರುತ್ತಾರೆ. ರಬ್ಬರ್ ಚೈನ್‌ನ ಒಳಮೈ ನೋಡಿ. ಒಳಗಿನ ಉಕ್ಕಿನ ತುಂಡುಗಳು ಹೊರಗೆ ಕಾಣುತ್ತಿದ್ದರೆ ಚೈನ್ ಆಯುಸ್ಸು ಮುಗಿದಿದೆ. ಚೈನ್ ತಿರುಗಿಸುವ ಸ್ಪ್ರಾಕೆಟ್ ಚಕ್ರದ ಹಲ್ಲು ಕೊಕ್ಕಿನಂತೆ ಬಾಗಿದ್ದರೆ ಹೊಸ ಚೈನ್ ಹಾಕಿದರೂ ಬದುವಿನ ಮೇಲೆ ತಿರುಗಿಸುವಾಗ ಕಳಚಿಕೊಳ್ಳುತ್ತದೆ. ಕೆಳಗಿನ ರೋಲರ್‌ಗಳನ್ನು ಕೈಯಿಂದ ಅಲ್ಲಾಡಿಸಿ, ಅಲುಗಿದರೆ ಸೀಲು ಹೋಗಿ ಕೆಸರು ಒಳಗೆ ಸೇರಿದೆ. ಹೈಡ್ರಾಲಿಕ್ ಗೇರಿನ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಎಂಜಿನ್ ಅರ್ಧ ಗಂಟೆ ಓಡಿಸಿ ಬಿಸಿಯಾದ ಮೇಲೆ ಏರು ಹತ್ತಿಸಿ. ತಣ್ಣಗಿದ್ದಾಗ ಚೆನ್ನಾಗಿ ಎಳೆದು ಬಿಸಿಯಾದಾಗ ಸೋತರೆ ಹೈಡ್ರಾಲಿಕ್ ಪಂಪ್ ಸವೆದಿದೆ, ಅದು ಲಕ್ಷದ ಮಾತು.

ಟೈರ್ ಮಷಿನ್ನಾದರೆ ವಾಕರ್‌ನ ಮರದ ಬೇರಿಂಗ್, ಕ್ರ್ಯಾಂಕ್, ಚಾಸಿಯ ಬೆಸುಗೆ ನೋಡಿ. ಎಂಜಿನ್ ನಿಲ್ಲಿಸಿ ಕೀಲಿ ನಿಮ್ಮ ಜೇಬಿನಲ್ಲೇ ಇಟ್ಟುಕೊಂಡು, ಡ್ರಮ್ ಮುಚ್ಚಳ ತೆರೆದು, ಹಲ್ಲುಗಳನ್ನು ಕೈಯಿಂದ ಮುಟ್ಟಿ ಹೋಲಿಸಿ. ಒಂದೆರಡೇ ಹೊಸ ಹಲ್ಲು ಹಾಕಿದ್ದರೆ ಡ್ರಮ್ ತೂಕ ತಪ್ಪಿ ನಡುಗುತ್ತದೆ, ಆ ನಡುಕಕ್ಕೆ ಬೇರಿಂಗ್ ಒಂದೇ ಸುಗ್ಗಿಗೆ ಹೋಗುತ್ತದೆ. ವೈರಿಂಗ್‌ಗೆ ಟೇಪು ಸುತ್ತಿದ ಜಾಗ ಎಣಿಸಿ. ಕಾಳು ಒಳಗೇ ಬಿಟ್ಟು ಶೆಡ್ಡಿನಲ್ಲಿ ನಿಲ್ಲಿಸಿದ ಮಷಿನ್ನಿನ ತಂತಿಯನ್ನು ಇಲಿ ಬಿಡುವುದಿಲ್ಲ. ಹೊಸ ಎಲೆಕ್ಟ್ರಾನಿಕ್ ಎಂಜಿನ್‌ನಲ್ಲಿ ಆ ಒಂದು ತಂತಿಗೂ ಕಂಪನಿಯ ಹುಡುಗ ಲ್ಯಾಪ್‌ಟಾಪ್ ಹಿಡಿದು ಬರಬೇಕಾಗುತ್ತದೆ.